ಹಾರುವ ಮೊದಲು ಕೇಳಿದ್ದು

ಶ್ರೀಲಕ್ಷ್ಮಿ ವಿಮಾನ ಹತ್ತುವ ಮೊದಲು ಸಿದ್ದಾಪುರಕ್ಕೆ ಫೋನು ಮಾಡಬೇಕು. ಇದು ಸರ್ಕಾರದ ಕಾನೂನಲ್ಲ, ಅವಳ ಫ್ಲೈಯಿಂಗ್ ಸ್ಕೂಲಿನ ಕಾನೂನೂ ಅಲ್ಲ. ಗಜಾನನ ಹೆಗಡೆಯವರ ಮನೆಯ ಕಾನೂನು. ಫೋನು ಬರುವುದು ಅಪ್ಪನ ಮೊಬೈಲಿಗೆ. ಅವಳು ಕೇಳುವುದು ಒಂದೇ ಮಾತು: "ಅಪ್ಪಾ, ಮನೇಲಿ ಎಲ್ಲ ಸಮ ಇದ್ದಾ?" ಹೆಗಡೆಯವರು ಹೇಳುವುದೂ ಒಂದೇ ಮಾತು: "ಎಲ್ಲ ಸಮ ಇದ್ದು. ಹಾರು." ಅಷ್ಟಾದರೆ ಮಹಾರಾಷ್ಟ್ರದ ಯಾವುದೋ ಬಯಲೂರಿನಲ್ಲಿ ಒಂದು ಪುಟ್ಟ ವಿಮಾನ ನೆಲ ಬಿಡುತ್ತಿತ್ತು.

ಇದು ಶುರುವಾದದ್ದು ಅವಳು ಮೊದಲ ರಜೆಗೆ ಬಂದಾಗ. ಊಟಕ್ಕೆ ಕೂತಲ್ಲಿ ಸ್ಕೂಲಿನ ಸುದ್ದಿ ಹೇಳುತ್ತಿದ್ದಳು. ವಿಮಾನ ಹತ್ತುವ ಮುಂಚೆ ತನ್ನನ್ನು ತಾನೇ ಕೇಳಿಕೊಳ್ಳಬೇಕಂತೆ: ಜ್ವರ ಇದೆಯೇ, ಔಷಧಿ ತಿಂದಿದ್ದೇನೆಯೇ, ನಿದ್ದೆ ಕೆಟ್ಟಿದೆಯೇ, ಮನಸ್ಸಿನ ಮೇಲೆ ಏನಾದರೂ ಭಾರ ಇದೆಯೇ. ಯಾವುದಕ್ಕಾದರೂ ಹೌದೆಂದು ಬಂದರೆ ಅವತ್ತು ಹಾರಬಾರದು. ಹಾರದಿದ್ದವರನ್ನು ಅಲ್ಲಿ ಯಾರೂ ಬೈಯುವುದಿಲ್ಲ, ಸುಳ್ಳು ಹೇಳಿ ಹಾರಿದವರನ್ನು ಮಾತ್ರ ಬಿಡುವುದಿಲ್ಲ.

"ಜ್ವರ, ನಿದ್ದೆ ಎಲ್ಲ ಎಂಗೇ ಗೊತ್ತಾಗ್ತು" ಎಂದಳು. "ಮನಸ್ಸಿನ ಭಾರ ಅರ್ಧ ಮನೇಲಿರ್ತು. ಅದನ್ನ ನಿಂಗವೇ ಹೇಳವು. ಎಂತಾದ್ರೂ ಆದ್ರೆ ಮುಚ್ಚಿಡಡಿ. ಹೇಳಿರೆ ಆನು ಅವತ್ತು ಹಾರ್ತಿಲ್ಲೆ, ಅಷ್ಟೇಯ."

ಹೆಗಡೆಯವರಿಗೆ ಈ ನಿಯಮ ಬಹಳ ಹಿಡಿಸಿತು. ಅರ್ಥವಿಲ್ಲದ ನಿಯಮಗಳನ್ನು ಕಚೇರಿಯಲ್ಲಿ ಬೇಕಾದಷ್ಟು ನೋಡಿದ್ದ ಮನುಷ್ಯ. ಮಜ್ಜಿಗೆ ಬಡಿಸುತ್ತಿದ್ದ ತಾಯಿ ಗಂಗಕ್ಕ ಮಾತ್ರ ನಕ್ಕಳು. "ದಿನಾ ಹಂಗೆ ಕೇಳಿರೆ ನೀ ಹಾರಿದ ಹಾಗೇ ಸೈ. ಯಾರ ಮನೇಲಿ ಎಲ್ಲ ಸಮ ಇರ್ತು?" ಅಂದಳು. ಅಪ್ಪ ಮಗಳು ಇಬ್ಬರೂ ಅವಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾರುವ ಹುಚ್ಚು ಅವಳಿಗೆ ಹತ್ತಿದ್ದು ಮಾಗೋಡಿನಲ್ಲಿ. ಯಲ್ಲಾಪುರದ ನೆಂಟರ ಮನೆಗೆ ಹೋದವರು ಜಲಪಾತ ನೋಡಲು ಹೋಗಿದ್ದರು. ನಾಲ್ಕೈದು ವರ್ಷದ ಕೂಸು ನೀರನ್ನು ನೋಡಲಿಲ್ಲ. ಕಣಿವೆಯಲ್ಲಿ ಒಂದು ಹದ್ದು ಸುತ್ತುತ್ತಿತ್ತು. ಅದರ ಬೆನ್ನು ಕಾಣುತ್ತಿತ್ತು. "ಅಪ್ಪಾ, ಹದ್ದು ಎಂಗಿಂತ ಕೆಳಗಿದ್ದು" ಎಂದು ಕಂಬಿಯ ಮೇಲೆ ಹತ್ತಿ ಬಗ್ಗಿದ್ದೇ, ಹೆಗಡೆಯವರು ಹಿಂದಿನಿಂದ ಅವಳ ಫ್ರಾಕನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಳಿಸಲಿಲ್ಲ, ನೋಡಬೇಡ ಎನ್ನಲಿಲ್ಲ, ಹಿಡಿದುಕೊಂಡು ನಿಂತರು. ಈ ಕತೆಯನ್ನು ಅವರು ಮನೆಗೆ ಬಂದ ಯಾರನ್ನೂ ಕೇಳಿಸದೆ ಕಳಿಸಿದವರಲ್ಲ.

ಹಾರಲು ಕಳಿಸುವಾಗ ಒಂದು ಷರತ್ತು ಹಾಕಿದ್ದರು. ಹಾರು, ಆದರೆ ಡಿಗ್ರಿಯೂ ಆಗಬೇಕು. ಅದಕ್ಕೆ ಅವರದೇ ಕಾರಣ ಇತ್ತು. ಕಾಲೇಜು ಅರ್ಧಕ್ಕೆ ಬಿಟ್ಟು ಸಿದ್ದಾಪುರದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರಾಗಿ ಕೂತವರು ಮತ್ತೆ ಆ ಕುರ್ಚಿಯಿಂದ ಮೇಲೇರಲಿಲ್ಲ. ಧಾರವಾಡದಿಂದ ಬಂದ ಪದವಿ ಪತ್ರಗಳ ಕಟ್ಟು ಬಿಚ್ಚಿ, ಹೆಸರು ಓದಿ, ಬಂದವರ ಕೈಗೆ ಕೊಟ್ಟು "ಶುಭ" ಎನ್ನುವುದು ಅವರ ಕೆಲಸ. ಬಡಿಸುವವನ ಹಸಿವು ಉಣ್ಣುವವರಿಗೆ ಗೊತ್ತಾಗುವುದಿಲ್ಲ.

"ವಿಮಾನ ಡಾಕ್ಟ್ರ ಕೈಲಿದ್ದು ಕೂಸೆ" ಎನ್ನುತ್ತಿದ್ದರು. "ನಾಳೆ ಕಣ್ಣು ಸಮ ಇಲ್ಲೆ, ಕಿವಿ ಸಮ ಇಲ್ಲೆ ಹೇಳಿ ಕೆಳಗೆ ಇಳಸಕ್ಕು. ಡಿಗ್ರಿ ಕಿತ್ಗಂಬಲೆ ಯಾರಿಗೂ ಆಗ್ತಿಲ್ಲೆ."

ಹಾಗಾಗಿ ಶ್ರೀಲಕ್ಷ್ಮಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಕಟ್ಟಿದಳು. ಪರೀಕ್ಷೆ ಬರೆಯುವುದು ಶಿರಸಿಯಲ್ಲಿ. ಗಾಳಿ ಜೋರಾಗಿ ಹಾರಾಟ ನಿಂತ ದಿನ ಜೊತೆಯವರು ಕೇರಂ ಆಡಿದರೆ ಇವಳು ರನ್‌ವೇ ಪಕ್ಕದ ಬೆಂಚಿನಲ್ಲಿ ಕೂತು ಕದಂಬರ ಇತಿಹಾಸ ಓದುವಳು. "ಬನವಾಸಿ ಇಷ್ಟು ಹತ್ರ ಇದ್ದಾಗ ಒಂದಿನ ಕರಕಂಡು ಹೋಯ್ದಿಲ್ಲೆ. ಈಗ ಇಲ್ಲಿ ಕೂತು ಮಯೂರವರ್ಮನ ಇಸವಿ ಬಾಯಿಪಾಠ ಮಾಡವಾ?" ಎಂದು ಫೋನಿನಲ್ಲಿ ಅಪ್ಪನನ್ನು ಕಾಡುವಳು. ಎರಡು ದೋಣಿಯಲ್ಲಿ ಕಾಲಿಟ್ಟವರು ನೀರು ಪಾಲು ಅಂತಾರೆ. ಇವಳು ಎರಡನ್ನೂ ದಡ ಮುಟ್ಟಿಸುವ ಹಾಗೆ ಕಾಣುತ್ತಿತ್ತು. ಕಳೆದ ಬೇಸಿಗೆಯಲ್ಲಿ ಎರಡೂ ಒಟ್ಟಿಗೆ ಬಂದವು. ಮೊದಲು ಲೈಸೆನ್ಸಿನ ಕೊನೆಯ ಹಾರಾಟದ ಪರೀಕ್ಷೆ, ಅದರ ಬೆನ್ನಿಗೆ ಬಿ.ಎ.ಯ ಕಡೆಯ ಪೇಪರುಗಳು.

ಹಾರಾಟದ ಪರೀಕ್ಷೆಗೆ ಎರಡು ದಿನ ಇರುವಾಗ ಹೆಗಡೆಯವರು ಕಾನಸೂರಿಗೆ ನೆಂಟರ ಮನೆಯ ಉಪನಯನಕ್ಕೆ ಹೋದರು. ಊಟ ಚೆನ್ನಾಗಿಯೇ ಮಾಡಿದರಂತೆ. ಎರಡನೇ ಸಲ ಹೋಳಿಗೆ ಹಾಕಿಸಿಕೊಂಡರಂತೆ. ಎಲೆಯಡಿಕೆ ಕವಳ ಹಾಕಿಕೊಂಡು ಚಪ್ಪರದ ಕಂಬಕ್ಕೆ ಒರಗಿದವರು ಮಗಳ ಪರೀಕ್ಷೆಯ ಸುದ್ದಿ ಹೇಳುತ್ತ ಹೇಳುತ್ತ ಸುಮ್ಮನಾದರು. ನಿದ್ದೆ ಬಂದಿರಬೇಕು ಎಂದುಕೊಂಡು ಪಕ್ಕದವರು ಬೀಸಣಿಗೆಯಿಂದ ಗಾಳಿ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಯಾರೋ ಕೈ ಮುಟ್ಟಿ ನೋಡಿದಾಗಲೇ ಗೊತ್ತಾದದ್ದು.

ಸಿದ್ದಾಪುರಕ್ಕೆ ತಂದು ಮನೆಯ ಅಂಗಳದಲ್ಲಿ ಮಲಗಿಸಿದಾಗ ಗಂಗಕ್ಕನ ಕೈಯಲ್ಲಿ ಫೋನು ಇತ್ತು. ಮಗಳ ಹೆಸರಿನ ಮೇಲೆ ಬೆರಳು ಇಟ್ಟಿದ್ದಳು. ಮೈದುನ ಗೋವಿಂದ ಬಂದು ಮೆಲ್ಲಗೆ ಫೋನು ತೆಗೆದುಕೊಂಡ.

"ಅತ್ತಿಗೆ, ತಡೀರಿ. ಈಗ ಹೇಳಿರೆ ಅದು ಓಡಿ ಬತ್ತು. ನಾಡಿದ್ದು ಪರೀಕ್ಷೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ್ದ ಹಂಗೆ ಆಗ್ತು. ಅಣ್ಣ ಇದ್ದಿದ್ರೂ ಇದನ್ನೇ ಹೇಳ್ತಿದ್ದ."

"ಮೋರೆ ನೋಡದು ಬ್ಯಾಡ್ದಾ ಅದಕ್ಕೆ?"

"ಮಗ ಆದ್ರೆ ಕರಸ್ಲೇ ಬೇಕಿತ್ತು, ಬೆಂಕಿ ಕೊಡವು. ಅದನ್ನ ನಮ್ಮ ನಂದನ ಮಾಡ್ತ. ಕೂಸಿಗೆ ಇಲ್ಲಿ ಎಂತ ಕೆಲ್ಸ ಇದ್ದು ಹೇಳಿ?"

ನಂದನ ಗೋವಿಂದನ ಮಗ. ಗೋವಿಂದ ಕಟುಕನಲ್ಲ; ಅಣ್ಣನ ಕಾಲು ಹಿಡಿದು ಆಗಲೇ ಅತ್ತು ಬಂದಿದ್ದ, ಕಣ್ಣು ಕೆಂಪಗಿತ್ತು. ಲೆಕ್ಕ ಸರಿಯಾಗಿಯೇ ಇತ್ತು ಅವನದು. ಸತ್ತ ಮನೆಯಲ್ಲಿ ಗಂಡು ಮಕ್ಕಳಿಗೆ ನೂರೆಂಟು ಕೆಲಸ, ಹೆಣ್ಣು ಮಗಳಿಗೆ ಅಳುವುದೊಂದೇ ಕೆಲಸ. ಅಳುವುದನ್ನು ಮುಂದಕ್ಕೆ ಹಾಕಿದರೆ ಯಾವ ಮಂತ್ರವೂ ತಪ್ಪುವುದಿಲ್ಲ. ಪುರೋಹಿತ ಭಟ್ಟರೂ ಹೌದೆಂದರು. "ಸೂತಕ ಹೇಳದು ಕೇಳಿದ ಮೇಲಲ್ದಾ? ಕೇಳದ್ದೇ ಇದ್ದವರಿಗೆ ಸೂತಕ ಇಲ್ಲೆ. ಕೂಸು ಶುದ್ಧವಾಗೇ ಪರೀಕ್ಷೆಗೆ ಕೂತ್ಗತ್ತು" ಎಂದರು.

ಮಗ್ಗುಲ ಬಟ್ಟೆ ಅಂಗಡಿಯ ಶಾರದವ್ವ ಒಬ್ಬಳೇ ಬೇರೆ ಮಾತಾಡಿದಳು. ಬನವಾಸಿ ಕಡೆಯವಳು, ಗಂಗಕ್ಕನಿಗೂ ಅವಳಿಗೂ ದಿನಾ ಬೇಲಿಯ ಮೇಲೆ ಮಾತಿತ್ತು. "ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ನಮ್ಮಲ್ಲಿ ಹೆಣ್ಣಮಕ್ಕಳು ಬಂದು ಮಾರಿ ನೋಡೂತನಕ ಎತ್ತೂದಿಲ್ರಿ. ಕುಂದರಿಸಿ, ಹೂವು ಹಾಕಿ ಕಾಯ್ತೀವಿ. ದಾರಿ ಎಷ್ಟು ದೂರಾದ್ರೂ ಕಾಯ್ತೀವಿ" ಎಂದಳು.

"ನಮ್ಮಲ್ಲಿ ಹಾಗೆ ಕಾಯೋ ಪದ್ಧತಿ ಇಲ್ಲ ಶಾರದವ್ವ" ಎಂದು ಗೋವಿಂದ ಮಾತು ಮುಗಿಸಿದ.

ಗಂಗಕ್ಕ ಬೇಡವೆನ್ನಲಿಲ್ಲ. ಈ ಕತೆಯಲ್ಲಿ ಅವಳ ಪಾಲು ಅದೇ. ಗೋವಿಂದನ ಮೇಲೆ ಹಾಕುವುದು ಸುಲಭ, ಭಟ್ಟರ ಮೇಲೆ ಹಾಕುವುದು ಇನ್ನೂ ಸುಲಭ. ಆದರೆ ಮಗಳು ಪೈಲಟ್ ಆಗಬೇಕೆಂಬ ಆಸೆ ಅವಳಿಗೂ ಇತ್ತು, ಗಂಡ ಹೋದ ಆ ಗಳಿಗೆಯಲ್ಲೂ ಇತ್ತು. ಕತ್ತಲಾಗುವ ಮೊದಲೇ ಹೆಗಡೆಯವರನ್ನು ಎತ್ತಿದರು.

ಪರೀಕ್ಷೆಯ ದಿನ ಬೆಳಿಗ್ಗೆ ಹೆಗಡೆಯವರ ಫೋನು ಹೊಡೆದುಕೊಂಡಿತು. ಜಗಲಿಯಲ್ಲಿ ಎಣ್ಣೆ ದೀಪ ಉರಿಯುತ್ತಿತ್ತು. ಮನೆ ತುಂಬ ಜನ. ಗಂಗಕ್ಕ ಫೋನು ತೆಗೆದುಕೊಂಡು ಹಿತ್ತಿಲಿಗೆ ಹೋದಳು.

"ಆಯಿ? ಅಪ್ಪ ಎಲ್ಲಿ?"

"ಗಂಟಲು ಕಟ್ಟಿಕಂಜು ಅಪ್ಪಂಗೆ. ಮಾತು ಹೆರಡ್ತಿಲ್ಲೆ. ಡಾಕ್ಟ್ರು ಸ್ವಲ್ಪ ದಿನ ಮಾತಾಡಡಿ ಹೇಳಿದ್ದ."

"ಉಪನಯನದಲ್ಲಿ ಮಾತಾಡಿ ಮಾತಾಡಿ ಕಟ್ಟಿಕಂಡಿಕ್ಕು" ಎಂದು ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಯಾವಾಗಿನ ಹಾಗೆ, ಅಕ್ಷರ ಅಕ್ಷರ ಬಿಡಿಸಿ ಕೇಳಿದಳು. "ಆಯಿ, ಮನೇಲಿ ಎಲ್ಲ ಸಮ ಇದ್ದಾ?"

ಗಂಗಕ್ಕ ಬಾವಿಯ ಕಟ್ಟೆ ಹಿಡಿದುಕೊಂಡಳು. ಒಳಗಿನಿಂದ ಯಾರೋ ಕೆಮ್ಮಿದ್ದು ಕೇಳಿತು.

"ಎಲ್ಲ ಸಮ ಇದ್ದು. ಹಾರು."

ಗಂಡ ಹೇಳುತ್ತಿದ್ದ ಹಾಗೆಯೇ ಹೇಳಿದಳು, ಅದೇ ಏರು, ಅದೇ ಇಳಿತ. ಅಷ್ಟು ಚೆನ್ನಾಗಿ ಹೇಳಲು ತನಗೆ ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅವತ್ತಿಡೀ ಗಂಗಕ್ಕ ಸತ್ತವರಿಗಾಗಿ ಅಳಲಿಲ್ಲ. ಇದ್ದವಳಿಗಾಗಿ ಹೆದರಿ ಕೂತಳು. ಸುಳ್ಳು ಕೇಳಿ ಮೇಲೆ ಹೋಗಿದ್ದಾಳೆ. ಏನಾದರೂ ಆದರೆ ಯಾರಿಗೆ ಏನೆಂದು ಹೇಳುವುದು? ದೇವರ ಕೋಣೆಗೆ ಹೋಗುವ ಹಾಗೂ ಇರಲಿಲ್ಲ, ಸೂತಕ.

ಮಧ್ಯಾಹ್ನ ಕಳೆದ ಮೇಲೆ ಅಪ್ಪನ ಫೋನಿಗೆ ಮಗಳ ದನಿ ಬಂತು. ಮಾತಾಡಲಾರದ ಅಪ್ಪನಿಗೆಂದು ಧ್ವನಿ ಸಂದೇಶ ಕಳಿಸಿದ್ದಳು. "ಅಪ್ಪಾ, ಆತು. ಪಾಸಾತು. ಪರೀಕ್ಷೆ ಮಾಡಲೆ ಬಂದವ್ರು ಪಕ್ಕದಲ್ಲಿ ಕೂತು ಒಂದೂ ಮಾತಾಡಿದ್ವಿಲ್ಲೆ, ಇಳಿದ ಮೇಲೆ ಕೈ ಕುಲುಕಿದ. ಎಂಗೆ ಹೆದರಿಕೆನೇ ಆಯ್ದಿಲ್ಲೆ. ಮನೇಲಿ ಎಲ್ಲ ಸಮ ಇದ್ದು ಹೇಳಿ ಗೊತ್ತಿತ್ತಲೆ." ಗೋವಿಂದ ತನ್ನನ್ನೇ ಮರೆತು ಚಪ್ಪಾಳೆ ತಟ್ಟಿದ. ತಟ್ಟಿದವನು ಜಗಲಿಯ ದೀಪ ನೋಡಿ ಕೈ ಕೆಳಗಿಳಿಸಿದ.

ಅವತ್ತೇ ಹೇಳಬೇಕಿತ್ತು. ಹೇಳುವುದೆಂದೇ ಎಲ್ಲರ ತಲೆಯಲ್ಲಿತ್ತು. ಆದರೆ ಸುಳ್ಳು ಹೇಳುವುದಕ್ಕಿಂತ ಹೇಳಿದ ಸುಳ್ಳನ್ನು ಇಳಿಸುವುದು ಕಷ್ಟ. ಅಷ್ಟರಲ್ಲಿ ಬಿ.ಎ. ಪೇಪರುಗಳು ಎದುರಿಗೆ ಬಂದಿದ್ದವು. "ಇಷ್ಟು ದಿನ ತಡದ್ದು ಅತ್ತಿಗೆ, ಇನ್ನು ನಾಲ್ಕು ಪೇಪರು" ಎಂದ ಗೋವಿಂದ. "ವಿಮಾನ ಅದರ ಆಸೆ. ಡಿಗ್ರಿ ಅಣ್ಣನ ಆಸೆ. ಅದನ್ನ ಕೆಡಸವಾ?" ಗೋವಿಂದ ಮನೆ ಮನೆಗೆ ಫೋನು ಮಾಡಿ ಯಾರೂ ಫೋಟೋ ಹಾಕಬೇಡಿ, ಯಾರೂ ಸುದ್ದಿ ಹೇಳಬೇಡಿ ಎಂದು ಕೇಳಿಕೊಂಡ. ಸಿದ್ದಾಪುರದಲ್ಲಿ ಬೆಳಿಗ್ಗೆ ಆದದ್ದು ಸಂಜೆಗೆ ಶಿರಸಿಯಲ್ಲಿ ಕೇಳುತ್ತದೆ. ಊರ ಬಾಯಿಗೆ ಬೀಗ ಬಿದ್ದದ್ದು ಬಹುಶಃ ಅದೇ ಮೊದಲು. ಜನರಿಗೆ ಆ ಕೂಸಿನ ಮೇಲೆ ಅಷ್ಟು ಅಕ್ಕರೆ ಇತ್ತು.

ಹದಿಮೂರನೆಯ ದಿನದ ಊಟವೂ ಮುಗಿಯಿತು. ಗಂಗಕ್ಕ ಕುಂಕುಮ ಬಿಟ್ಟಿದ್ದಳು, ತಾಳಿ ತೆಗೆದಿಟ್ಟಿದ್ದಳು. ಕಾಲ ಬದಲಾಗಿದೆ, ಬಿಡಬೇಕೆಂದು ಯಾರೂ ಒತ್ತಾಯ ಮಾಡಲಿಲ್ಲ, ಅವಳಿಗೇ ಬೇಡವಾಗಿತ್ತು. ಶ್ರೀಲಕ್ಷ್ಮಿ ಸ್ಕೂಲಿನ ಕೆಲಸ ಮುಗಿಸಿ ಶಿರಸಿಗೆ ಬಂದು, ಓದುವ ಹೊತ್ತು ಬಸ್ಸಿನಲ್ಲಿ ಕಳೆಯಬಾರದೆಂದು ಕಾಲೇಜಿನ ಹತ್ತಿರ ಗೆಳತಿಯ ಕೋಣೆಯಲ್ಲಿ ಇಳಿದಳು. ಬಂದ ದಿನವೇ ವಿಡಿಯೋ ಕರೆ ಮಾಡಿದಳು.

ಫೋನು ಬಡಿದುಕೊಳ್ಳುತ್ತಲೇ ಇತ್ತು. ಗಂಗಕ್ಕ ಕನ್ನಡಿಯ ಮುಂದೆ ನಿಂತಳು. ಕನ್ನಡಿಯ ಅಂಚಿಗೆ ಅವಳು ಹಿಂದೆ ಅಂಟಿಸಿಟ್ಟ ಬೊಟ್ಟುಗಳು ಹಾಗೇ ಇದ್ದವು. ಒಂದನ್ನು ಉಗುರಿನಲ್ಲಿ ಕಿತ್ತು ಹಣೆಗೆ ಒತ್ತಿದಳು. ಹಳೆಯ ಅಂಟು, ನಿಲ್ಲಲಿಲ್ಲ. ಎಂಜಲು ಹಚ್ಚಿ ಮತ್ತೆ ಒತ್ತಿದಳು. ಸೆರಗನ್ನು ಕುತ್ತಿಗೆಯ ತನಕ ಹೊದ್ದುಕೊಂಡು ಫೋನು ಎತ್ತಿದಳು. ಅಪ್ಪ ಮಲಗಿದ್ದಾರೆ ಎಂದಳು, ಉಳಿದದ್ದು ಏನು ಮಾತಾಡಿದ್ದೆಂದು ಅವಳಿಗೆ ನೆನಪಿಲ್ಲ. ನೆನಪಿರುವುದು ಬೊಟ್ಟು ಬೀಳಬಾರದು ಎಂದು ಹುಬ್ಬು ಅಲುಗಾಡಿಸದೆ ಕೂತದ್ದು. ಗಂಡ ಸತ್ತ ಹೆಂಗಸು ಮಗಳ ಎದುರು ಮುತ್ತೈದೆಯ ವೇಷ ಹಾಕಿದ್ದು ಎಷ್ಟು ದೊಡ್ಡ ಪಾಪವೋ ಅವಳಿಗೆ ತಿಳಿಯದು. ಕರೆ ಮುಗಿದ ಮೇಲೆ ಬೊಟ್ಟನ್ನು ಮತ್ತೆ ಕನ್ನಡಿಗೇ ಅಂಟಿಸಿದಳು, ನಾಳೆಗೆ ಬೇಕಲ್ಲ.

ಸಂಜೆ ಅಪ್ಪನ ಫೋನಿಗೆ ಮಗಳ ದನಿ ಬಂತು. "ಅಪ್ಪಾ, ಒಂದ್ಸಲ ಬಂದು ನಿನ್ನ ನೋಡಿಕಂಡು ಹೋಗ್ಲಾ? ಬೆಳಿಗ್ಗೆ ಬಂದು ಸಂಜೆ ಹೋಗ್ತೆ. ಎಂತಕ್ಕೋ ನಿನ್ನ ನೋಡವು ಕಾಣ್ತು."

ಗಂಗಕ್ಕ ಅದನ್ನು ಮತ್ತೆ ಮತ್ತೆ ಕೇಳಿದಳು. ಬಾ ಎಂದು ಬರೆದರೆ ಎಲ್ಲ ಮುಗಿಯುತ್ತಿತ್ತು. ಪೇಪರು ಹೋಗುತ್ತಿತ್ತು, ಹೋಗಲಿ. ಬೆರಳು ಅಕ್ಷರಗಳ ಮೇಲೆ ನಿಂತಿತು. ಆಮೇಲೆ ಗಂಡ ಬರೆಯುತ್ತಿದ್ದ ಹಾಗೆ ಬರೆದಳು: "ಪರೀಕ್ಷೆ ಮುಗಿಸಿ ಬಾ. ಶುಭ." ಗಂಟಲು ಕಟ್ಟಿದೆ ಎಂದದ್ದು, ಎಲ್ಲ ಸಮ ಇದೆ ಎಂದದ್ದು ಅವಳ ಬಾಯಿಂದ ಬಂದ ಸುಳ್ಳು. ಇದು ಸತ್ತವರ ಬಾಯಿಗೆ ಇಟ್ಟ ಸುಳ್ಳು.

ಕೊನೆಯ ಪೇಪರಿನ ದಿನಕ್ಕೆ ಗೋವಿಂದ ಎಲ್ಲ ಯೋಚನೆ ಮಾಡಿಟ್ಟಿದ್ದ. ಕಾರು ತೆಗೆದುಕೊಂಡು ಹೋಗುವುದು. ಮೊದಲು ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ ಎನ್ನುವುದು, ದಾರಿಯಲ್ಲಿ ಸ್ವಲ್ಪ ಜಾಸ್ತಿ ಎನ್ನುವುದು, ಕಾನಸೂರು ದಾಟಿದ ಮೇಲೆ ಪೂರ್ತಿ ಹೇಳುವುದು. ಗಂಗಕ್ಕ ಎಲ್ಲ ಕೇಳಿ ಆಗಲಿ ಎಂದಳು. ಅವನು ಸ್ನಾನಕ್ಕೆ ಹೋದಾಗ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದು ಶಿರಸಿ ಬಸ್ಸು ಹತ್ತಿದಳು. ಕನ್ನಡಿಯ ಕಡೆ ನೋಡಲಿಲ್ಲ.

ಕಾಲೇಜಿನ ಗೇಟಿನ ಎದುರು, ರಸ್ತೆಯ ಈಚೆ, ಬಿಸಿಲಿನಲ್ಲಿ ನಿಂತಳು. ಗಂಟೆ ಹೊಡೆದು ಮಕ್ಕಳು ಹೊರಗೆ ಬಂದರು. ಶ್ರೀಲಕ್ಷ್ಮಿ ಇಬ್ಬರು ಗೆಳತಿಯರ ಜೊತೆ ನಗುತ್ತ ಬರುತ್ತಿದ್ದಳು. ಪರೀಕ್ಷೆ ಚೆನ್ನಾಗಿ ಆಗಿರಬೇಕು. ತಾಯಿಯನ್ನು ಕಂಡು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಅವಳ ಕಣ್ಣು ತಾಯಿಯ ಹಣೆಗೆ ಹೋಯಿತು, ಹಣೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕೈಗೆ, ಮತ್ತೆ ಹಣೆಗೆ. ವಿಮಾನದ ಮೀಟರುಗಳನ್ನು ಒಂದೊಂದಾಗಿ ನೋಡಲು ಕಲಿತವಳು, ಒಂದನ್ನೂ ಬಿಡಲಿಲ್ಲ. ಗೆಳತಿಯರು ಏನೋ ಕೇಳಿದರು. ಅವಳು ರಸ್ತೆ ದಾಟಿ ಬಂದಳು.

"ಯಾವಾಗ?"

"ನೀ ಕಡೇ ಪರೀಕ್ಷೆಗೆ ಹಾರದಕ್ಕೆ ಎರಡು ದಿನ ಮೊದ್ಲು. ಕಾನಸೂರಲ್ಲಿ. ಉಂಡು ಕೂತವ್ರು ಹಂಗೇ..."

ಶ್ರೀಲಕ್ಷ್ಮಿ ಅಳಲಿಲ್ಲ.

"ಆನು ಕೇಳಿದ್ನಲೆ ಆಯಿ" ಎಂದಳು. "ಹತ್ತದಕ್ಕಿಂತ ಮೊದ್ಲು ಕೇಳಿದ್ನಲೆ."

ಅಷ್ಟೇ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಕಾನಸೂರು ಬಂದಾಗ "ಎಲ್ಲಿ?" ಎಂದು ಕೇಳಿದಳು. ಗಂಗಕ್ಕ ಒಂದು ತಿರುವನ್ನು ತೋರಿಸಿದಳು. ಬಸ್ಸು ನಿಲ್ಲದೆ ಮುಂದೆ ಹೋಯಿತು. ಅವಳು ಕುತ್ತಿಗೆ ತಿರುಗಿಸಿ, ಕಾಣುವಷ್ಟು ಹೊತ್ತು ನೋಡಿದಳು.

ಮನೆಯಲ್ಲಿ ಗೋವಿಂದ ಬಾಗಿಲಲ್ಲೇ ತಡೆದ. ಬಾವಿ ಕಟ್ಟೆಯ ಹತ್ತಿರ ಸ್ನಾನ ಮಾಡಿ ಒಳಗೆ ಬರಬೇಕು. ಭಟ್ಟರನ್ನು ಕೇಳಿಯಾಗಿತ್ತು. ಹತ್ತು ದಿನ ಕಳೆದ ಮೇಲೆ ತಿಳಿದವರಿಗೆ ಹತ್ತು ದಿನದ ಸೂತಕ ಇಲ್ಲ, ಮೂರೇ ದಿನ. ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿದ್ದರು.

"ಅಪ್ಪಂಗೆ ಮೂರೇ ದಿನವಾ ಚಿಕ್ಕಪ್ಪಾ?" ಎಂದು ಅವಳು ಕೇಳಿದಳು. ಗೋವಿಂದ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಹೀಗೆ ಎಲ್ಲರ ಸೂತಕ ಮುಗಿದ ಮನೆಯಲ್ಲಿ ಒಬ್ಬಳ ಸೂತಕ ಶುರುವಾಯಿತು. ಉಳಿದವರು ಅತ್ತು ಮುಗಿಸಿದ್ದರು. ನಂದನನ ಬೋಳು ತಲೆಯಲ್ಲಿ ಕೂದಲು ಬಂದಿತ್ತು. ಟಿವಿ ಹಾಕುತ್ತಿದ್ದರು, ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು, ಯಾರೋ ಏನಕ್ಕೋ ನಕ್ಕು ಹಿಂದಿನ ಕೋಣೆ ನೆನಪಾಗಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ದುಃಖಕ್ಕೂ ಜೊತೆ ಬೇಕು. ಹತ್ತು ಜನರ ನಡುವೆ ಅಳಬೇಕಾದವಳನ್ನು ಗೋಡೆಗೆ ಮುಖ ಮಾಡಿ ಕೂರುವ ಹಾಗೆ ಮಾಡಿದ್ದರು.

ಎರಡನೇ ದಿನ ಗಂಗಕ್ಕನಿಗೆ ತಡೆಯಲಾಗಲಿಲ್ಲ. ಬಾಳೆ ಎಲೆಯಲ್ಲಿ ಅನ್ನ ಇಟ್ಟವಳು ಮಗಳ ತಲೆ ನೇವರಿಸಲು ಕೈ ಚಾಚಿದಳು.

"ಮುಟ್ಟಡ ಆಯಿ. ಎಂಗೆ ಸೂತಕ."

ಗಂಗಕ್ಕನ ಕೈ ಅಲ್ಲೇ ನಿಂತಿತು.

"ಪರೀಕ್ಷೆ ಮುಗಿಸಿ ಬಾ ಹೇಳಿ ಬರದ್ದು ಯಾರು? ಚಿಕ್ಕಪ್ಪನಾ?"

ಗೋವಿಂದನ ಹೆಸರು ಹೇಳಿದ್ದರೆ ಅವಳು ನಂಬುತ್ತಿದ್ದಳು. "ಆನೇ ಬರದ್ದು" ಎಂದಳು ಗಂಗಕ್ಕ.

"ಶುಭ ಹೇಳದೂ?"

"ಅದೂ ಆನೇಯ."

ಶ್ರೀಲಕ್ಷ್ಮಿ ಎಲೆಯ ಮುಂದೆ ಬಗ್ಗಿ ಕೂತಳು. "ಅಲ್ಲಿ ಎಲ್ಲರ ಹತ್ರ ಹೇಳ್ತಿದ್ದೆ. ಎನ್ನ ಮನೇಲಿ ಎಂಗೆ ಸುಳ್ಳು ಹೇಳ್ತ್ವಿಲ್ಲೆ ಹೇಳಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗಂಗಕ್ಕ ಬದುಕಿಕೊಳ್ಳುತ್ತಿದ್ದಳು.

ನಾಲ್ಕನೆಯ ದಿನ ಸ್ನಾನ ಮಾಡಿ, ಅಪ್ಪನ ಫೋಟೋಕ್ಕೆ ನಮಸ್ಕಾರ ಮಾಡಿ, ತಾಯಿಯ ಕಾಲಿಗೂ ಬಿದ್ದು, ಅವಳು ಹೊರಟುಹೋದಳು. ದೊಡ್ಡ ವಿಮಾನದ ತರಬೇತಿ ಬಾಕಿ ಇತ್ತು. ಹೋದವಳು ಮುಟ್ಟಿದೆ ಎಂದು ಫೋನು ಮಾಡಿದಳು. ಆಮೇಲೆ ವಾರಕ್ಕೊಮ್ಮೆ ತಾಯಿಯ ಫೋನಿಗೆ ಮಾಡುವಳು. ಊಟ ಆಯಿತೇ, ಮಳೆ ಹಿಡಿಯಿತೇ, ಚಿಕ್ಕಪ್ಪ ಹೇಗಿದ್ದಾನೆ. ಮಾತು ಬಿಟ್ಟಿರಲಿಲ್ಲ. ಹಾರುವ ಮುಂಚೆ ಮಾತ್ರ ಮಾಡುತ್ತಿರಲಿಲ್ಲ.

ಗಂಗಕ್ಕ ಗಂಡನ ಫೋನನ್ನು ದಿನಾ ಚಾರ್ಜಿಗೆ ಇಡುತ್ತಿದ್ದಳು. ಬೆಳಿಗ್ಗೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಅಡಿಗೆ ಮಾಡುವಳು. ಈಗ ಹತ್ತಿರಬೇಕು, ಈಗ ಇಳಿದಿರಬೇಕು ಎಂದು ತಾನೇ ಅಂದಾಜು ಮಾಡುವಳು. ಒಂದು ದಿನ ತೆಂಗಿನಕಾಯಿ ತುರಿಯುತ್ತ ಕೂತಾಗ ಮಾಗೋಡಿನ ಕತೆ ನೆನಪಾಯಿತು. ಆ ಫೋನು ಬೇರೆ ಏನೂ ಆಗಿರಲಿಲ್ಲ, ಗಂಡ ಹಿಂದಿನಿಂದ ಹಿಡಿದುಕೊಂಡಿದ್ದ ಫ್ರಾಕು ಅದು. ಅವರು ಹೋದ ಮೇಲೆ ಅದನ್ನು ತಾನು ಹಿಡಿಯಬೇಕಿತ್ತು. ಹಿಡಿದ ಹಾಗೆ ಮಾಡಿ ಕೈ ಬಿಟ್ಟಿದ್ದಳು.

ಮಳೆಗಾಲ ಕಳೆದು ಬಿ.ಎ. ಫಲಿತಾಂಶ ಬಂತು. ಶ್ರೀಲಕ್ಷ್ಮಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಳು. ಗೋವಿಂದ ಪೇಡೆ ತಂದು ಬೀದಿಗೆಲ್ಲ ಹಂಚಿದ. "ಅಣ್ಣನ ಆಸೆ ತೀರ್ತು ಅತ್ತಿಗೆ. ಅವತ್ತು ನಾವು ಗಟ್ಟಿ ಮನಸ್ಸು ಮಾಡಿದ್ದಕ್ಕೆ ಆತು" ಎಂದ. ಗಂಗಕ್ಕ ಪೇಡೆಯನ್ನು ಫೋಟೋದ ಮುಂದೆ ಇಟ್ಟಳು. ಶಾರದವ್ವ ಬಂದು ಪೇಡೆ ತೆಗೆದುಕೊಂಡಳು. ಗಂಗಕ್ಕನ ಕೈಯನ್ನು ಸುಮ್ಮನೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು.

ಮಾರನೆಯ ಬೆಳಿಗ್ಗೆ ಸೆರಗಿನಲ್ಲಿದ್ದ ಫೋನು ಹೊಡೆದುಕೊಂಡಿತು. ತಿಂಗಳುಗಟ್ಟಲೆ ಸುಮ್ಮನಿದ್ದ ಫೋನು. ಗಂಗಕ್ಕ ಒಲೆ ಆರಿಸಿ ಹಿತ್ತಿಲಿಗೆ ಓಡಿದಳು. ಆ ಕಡೆಯಿಂದ ಗಾಳಿಯ ಸದ್ದು, ದೂರದಲ್ಲಿ ಇಂಜಿನ್ನಿನ ಸದ್ದು.

"ಕೂಸೇ?"

"ಆಯಿ" ಎಂದಳು ಶ್ರೀಲಕ್ಷ್ಮಿ. ಆಮೇಲೆ ಅಕ್ಷರ ಅಕ್ಷರ ಬಿಡಿಸಿ ಕೇಳಿದಳು. "ಮನೇಲಿ ಎಲ್ಲ ಸಮ ಇದ್ದಾ?"

ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಹೇಳಬಹುದಿತ್ತು ಕೂಡ, ಈ ಬೆಳಿಗ್ಗೆ ಮನೆಯಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಗಂಗಕ್ಕ ಬಾವಿಯ ಕಟ್ಟೆ ಹಿಡಿದುಕೊಂಡಳು. ಪರೀಕ್ಷೆಯ ಬೆಳಿಗ್ಗೆ ಸುಳ್ಳು ಹೇಳುವಾಗ ಹಿಡಿದುಕೊಂಡ ಕಲ್ಲೇ ಅದು.

"ಇಲ್ಲೆ" ಎಂದಳು. "ಸಮ ಇಲ್ಲೆ ಕೂಸೆ. ನಿನ್ನ ಅಪ್ಪ ತೀರಿ ಹೋದ. ಇವತ್ತು ಹಾರಡ. ಮನೆಗೆ ಬಾ. ನೀ ಬಪ್ಪಲ್ಲಿವರೆಗೂ ನಾವು ಕಾಯ್ತ್ಯ."

ಆ ಕಡೆಯಿಂದ, ಸಣ್ಣ ಕೂಸು ಬಿದ್ದು, ನೋವು ತಿಳಿಯಲು ಒಂದು ಗಳಿಗೆ ಬೇಕಾದ ಹಾಗೆ, ತಡೆದು ತಡೆದು ಅಳು ಬಂತು. ಸೂತಕದ ಮೂರು ದಿನವೂ ಬಾರದಿದ್ದ ಅಳು. ಗಂಗಕ್ಕನೂ ಕಟ್ಟೆಗೆ ಒರಗಿ ಕೂತು ದನಿ ತೆಗೆದು ಅತ್ತಳು, ಬೇಲಿಯಾಚೆ ಶಾರದವ್ವ ಎದ್ದು ನಿಂತು ನೋಡುವಷ್ಟು.

"ಹಾರ್ತಿಲ್ಲೆ ಆಯಿ" ಎಂದಳು ಶ್ರೀಲಕ್ಷ್ಮಿ ಎಷ್ಟೋ ಹೊತ್ತಿನ ಮೇಲೆ. "ಇವತ್ತು ಹಾರ್ತಿಲ್ಲೆ."

ಅವಳ ದನಿಯ ಹಿಂದೆ ಒಂದು ವಿಮಾನ ಓಡಿ, ನೆಲ ಬಿಟ್ಟು, ದೂರವಾಗುವ ಸದ್ದು ಕೇಳಿತು. ಅದರಲ್ಲಿ ಬೇರೆ ಯಾರೋ ಇದ್ದರು. ತಾಯಿ ಮಗಳು ಇಬ್ಬರೂ ಫೋನು ಇಡಲಿಲ್ಲ.